ಕಾರಿನ ಒಳಗಿನ ಗೀರು: ಯಾವುದು ಹೋದೀತು, ಯಾವುದು ಹೋಗದು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ಒಳಗಿನ ಪ್ಲಾಸ್ಟಿಕ್ ಮೇಲೆ ಬಿದ್ದ ಗೀರುಗಳ ಬಗ್ಗೆ ಇವೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಧೂಳು ಜಾಸ್ತಿ, ಬಿಸಿಲು ಜಾಸ್ತಿ, ಗಾಡಿಯಲ್ಲಿ ಹೇರುವ ಸಾಮಾನೂ ಜಾಸ್ತಿ. ಆದರೆ ಎಲ್ಲ ಗೀರಿಗೂ ಒಂದೇ ಮದ್ದು ನಡೆಯುವುದಿಲ್ಲ. ಗೀರು ಬಿದ್ದ ಪ್ಲಾಸ್ಟಿಕ್ ಯಾವುದು ಎಂದು ಮೊದಲು ತಿಳಿದುಕೊಳ್ಳಬೇಕು. ಒಂದಕ್ಕೆ ಒಳ್ಳೆಯದಾಗುವ ಕೆಲಸ ಇನ್ನೊಂದನ್ನು ಪೂರ್ತಿ ಹಾಳು ಮಾಡುತ್ತದೆ.

ಸರ, ನಮ್ಮ ಗಾಡಿ ಡೋರಿನ ಕೆಳಗ ಕಪ್ಪು ಪ್ಲಾಸ್ಟಿಕ್ ಮ್ಯಾಲ ಬಿಳೀ ಬಿಳೀ ಗೀರು ಬಿದ್ದಾವ. ಕೊಬ್ಬರಿ ಎಣ್ಣಿ ಹಚ್ರಿ, ಹೋಗ್ತದ ಅಂದ್ರು. ಹಚ್ಚಿದ್ರ ಎರಡು ದಿನ ಚಲೋ ಕಾಣ್ತದ, ಆಮ್ಯಾಲ ಮತ್ತ ಅದೇ ಹಣೇಬರಹ. ಏನ್ ಮಾಡಬೇಕು?
*ಶಿಕ್ಷಕರೊಬ್ಬರು, ಆಳಂದ*

ಎಣ್ಣೆ ಹಚ್ಚಿದಾಗ ಗೀರು ಹೋಗಿರಲಿಲ್ಲ, ಮರೆಯಾಗಿತ್ತು ಅಷ್ಟೇ. ಒಣಗಿದಾಗ ಬೂದಿಬಣ್ಣಕ್ಕಿರುವ ಎರೆಮಣ್ಣು ನೀರು ಬಿದ್ದ ಕೂಡಲೇ ಕಪ್ಪಾಗುತ್ತದಲ್ಲ, ಇಲ್ಲೂ ಅದೇ ಆಗುವುದು. ಎಣ್ಣೆ ಆರಿದರೆ ಬಿಳಿ ಮತ್ತೆ ಮೇಲೆ ಬರುತ್ತದೆ. ಎಣ್ಣೆಯ ಜಿಡ್ಡಿಗೆ ಧೂಳು ಕೂತು, ಮುಂದಿನ ಸಲ ಒರೆಸುವಾಗ ಆ ಧೂಳೇ ಹೊಸ ಗೀರು ಎಳೆಯುತ್ತದೆ. ಇನ್ನು ಮುಂದೆ ಎಣ್ಣೆ ಬೇಡ.

ಡೋರ್ ಪ್ಯಾಡಿನ ಕೆಳಭಾಗ, ಪಿಲ್ಲರ್ (ಕಿಟಕಿಗಳ ನಡುವಿನ ಕಂಬ) ಕವರ್, ಡಿಕ್ಕಿಯ ಪಕ್ಕದ ಪ್ಯಾನೆಲ್, ಇವೆಲ್ಲ ಹೆಚ್ಚಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನವು. ಪ್ಯಾನೆಲ್ ಬಿಚ್ಚಿ ಹಿಂಬದಿ ನೋಡಿದರೆ ಅಚ್ಚಿನಲ್ಲೇ ಮೂಡಿದ ಗುರುತು ಸಿಗುತ್ತದೆ. ‘ಪಿಪಿ-ಟಿಡಿ20’ ಎಂದಿದ್ದರೆ ಪಾಲಿಪ್ರೊಪಿಲೀನ್‌ಗೆ ಶೇ 20ರಷ್ಟು ಟಾಲ್ಕ್ ಪುಡಿ ಬೆರೆಸಿದ್ದಾರೆ ಎಂದರ್ಥ. ಪ್ಯಾನೆಲ್ ಬಿರುಸಾಗಿರಲಿ ಎಂದು ಸೇರಿಸುವ ಈ ಟಾಲ್ಕ್ ಬಿಳಿ ಬಣ್ಣದ್ದು. ಚೂಪಾದದ್ದು ತಾಗಿದಾಗ ಮೇಲಿನ ತರಿತರಿ ಮೈ ಜಜ್ಜಿಹೋಗುತ್ತದೆ, ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಏಳುತ್ತವೆ, ಟಾಲ್ಕ್ ಹೊರಗೆ ಇಣುಕುತ್ತದೆ. ಬೆಳಕು ಅಲ್ಲಿ ಚದುರಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಬಣ್ಣ ಹೋದದ್ದಲ್ಲ; ಈ ಪ್ಲಾಸ್ಟಿಕ್‌ಗೆ ಮೇಲಿಂದ ಬಳಿದ ಬಣ್ಣವೇ ಇರುವುದಿಲ್ಲ.

ಮೊದಲು ಅದು ನಿಜವಾಗಿ ಗೀರೋ ಅಥವಾ ಕಲೆಯೋ ನೋಡಿ. ಚಪ್ಪಲಿ, ಬೂಟಿನ ರಬ್ಬರ್ ಉಜ್ಜಿ ಬಿದ್ದ ಗುರುತು ಪ್ಲಾಸ್ಟಿಕ್ ಮೇಲೆ ಅಂಟಿಕೊಂಡ ಕೊಳೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಕಾರ್ ಶಾಂಪೂ ಹಾಕಿ, ಮೆತ್ತನೆಯ ಬ್ರಷ್‌ನಿಂದ ವೃತ್ತಾಕಾರವಾಗಿ ಉಜ್ಜಿ ಮೈಕ್ರೋಫೈಬರ್ ಅರಿವೆಯಲ್ಲಿ ಒರೆಸಿ. ಅರ್ಧಕ್ಕರ್ಧ ಗುರುತುಗಳು ಇಷ್ಟಕ್ಕೇ ಹೋಗುತ್ತವೆ. ಎಣ್ಣೆ ಹಚ್ಚಿದ್ದೀರಿ, ಆದ್ದರಿಂದ ಆ ಜಿಡ್ಡು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ನೀರು ಒಂದು ಪಾಲು ಕಲಸಿ ಅರಿವೆಗೆ ಹಾಕಿಕೊಂಡು ಒಮ್ಮೆ ಒರೆಸಿ. ನೀರು ಬೋರ್‌ವೆಲ್‌ದು ಬೇಡ. ನಮ್ಮ ಕಡೆಯ ಗಡಸು ನೀರು ಆರಿದ ಮೇಲೆ ಕಪ್ಪು ಪ್ಲಾಸ್ಟಿಕ್ ಮೇಲೆ ಸುಣ್ಣದ ಮಚ್ಚೆ ಬಿಡುತ್ತದೆ, ಅದನ್ನೂ ಜನ ಗೀರು ಅಂದುಕೊಳ್ಳುತ್ತಾರೆ. ಕುಡಿಯುವ ಆರ್‌ಒ ನೀರು ಸಾಕು.

ತೊಳೆದು ಒಣಗಿದ ಮೇಲೂ ಬಿಳಿ ಉಳಿದರೆ ಉಗುರನ್ನು ಅಡ್ಡ ಎಳೆಯಿರಿ. ಉಗುರು ಸಿಕ್ಕದಿದ್ದರೆ, ಅಥವಾ ಸಿಕ್ಕೂ ಸಿಕ್ಕದ ಹಾಗಿದ್ದರೆ, ಹೀಟ್ ಗನ್ (ಬಿಸಿ ಗಾಳಿ ಊದುವ ಸಾಧನ) ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಅಲ್ಲಿಂದ ಕಿತ್ತುಹೋಗಿಲ್ಲ, ಜಜ್ಜಿ ಪಕ್ಕಕ್ಕೆ ಸರಿದಿದೆ. ಶಾಖ ಕೊಟ್ಟರೆ ಮೇಲ್ಮೈ ಮೆತ್ತಗಾಗಿ ತನ್ನ ಜಾಗಕ್ಕೆ ಮರಳುತ್ತದೆ, ಸಣ್ಣ ಬಿರುಕುಗಳು ಮುಚ್ಚುತ್ತವೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಲೆಗೂದಲು ಒಣಗಿಸುವ ಡ್ರೈಯರ್ ಅಷ್ಟು ಕಾಯುವುದಿಲ್ಲ, ಅದರಿಂದ ತೀರಾ ಮೇಲಿನ ಬಿಳುಪು ಕಡಿಮೆಯಾದರೆ ಹೆಚ್ಚು.

ಕೆಲಸ ಹೀಗೆ. ಸಾಧ್ಯವಾದರೆ ಡೋರ್ ಪ್ಯಾಡ್ ಬಿಚ್ಚಿ ನೆರಳಲ್ಲಿ ಇಟ್ಟುಕೊಳ್ಳಿ. ಹಿಂದೆ ವೈರಿಂಗ್, ಫೋಮ್ ಶೀಟ್ ಇರುತ್ತವೆ. ಗನ್ನಿನ ಕಡಿಮೆ ಶಾಖದ ಸ್ಥಾನ ಆರಿಸಿ. ಎರಡು ಹಂತದ ಗನ್‌ಗಳಲ್ಲಿ ಸಾಮಾನ್ಯವಾಗಿ ಅದೇ 300ರಿಂದ 350 ಡಿಗ್ರಿ ಇರುತ್ತದೆ. ಮೂತಿಯನ್ನು 10ರಿಂದ 15 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಗೋಡೆಗೆ ಬಣ್ಣ ಬಳಿಯುವಾಗಿನಂತೆ ಕೈ ಆಡಿಸುತ್ತಲೇ ಇರಿ. ಒಂದು ಕ್ಷಣವೂ ಒಂದೇ ಕಡೆ ನಿಲ್ಲಬಾರದು. ಐದಾರು ಸೆಕೆಂಡ್ ಗಾಳಿ ಕೊಟ್ಟು ತೆಗೆಯಿರಿ, ನೋಡಿ, ಮತ್ತೆ ಕೊಡಿ. ಬಿಳಿ ಗೆರೆ ಮಸುಕಾಗಿ ಸುತ್ತಲಿನ ಕಪ್ಪಿನಲ್ಲಿ ಸೇರಿಹೋಗುವುದು ಕಣ್ಣಿಗೇ ಕಾಣುತ್ತದೆ; ಕಂಡ ಕೂಡಲೇ ನಿಲ್ಲಿಸಿ. ‘ಇನ್ನೊಂದು ಸ್ವಲ್ಪ’ ಎಂದು ಮುಂದುವರಿಸಿದರೆ ತರಿತರಿ ಮೈ ಕರಗಿ ಆ ಜಾಗ ಫಳಫಳ ಹೊಳೆಯತೊಡಗುತ್ತದೆ. ಆ ಹೊಳಪನ್ನು ತೆಗೆಯುವ ದಾರಿ ಇಲ್ಲ, ಗೀರಿಗಿಂತ ಕೆಟ್ಟದಾಗಿ ಕಾಣುತ್ತದೆ. ಬಿಸಿ ಇರುವಾಗ ಬೆರಳಿಂದಾಗಲಿ ಅರಿವೆಯಿಂದಾಗಲಿ ಮುಟ್ಟಬೇಡಿ, ಅಚ್ಚು ಬೀಳುತ್ತದೆ. ಕೈ ಪಳಗಲು ಗುಜರಿ ಅಂಗಡಿಯಿಂದ ಒಡೆದ ಬಂಪರಿನ ತುಂಡೊಂದನ್ನು ತಂದು ಅದರ ಮೇಲೆ ಮೊದಲು ಮಾಡಿ ನೋಡಿ.

ಒಂದು ಮಾತು ಖಡಾಖಂಡಿತ: ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂದು ಬರೆದಿರುವ ಯಾವ ಜಾಗಕ್ಕೂ ಹೀಟ್ ಗನ್ ಹಿಡಿಯಬೇಡಿ. ಸ್ಟೀರಿಂಗ್ ನಡುವೆ, ಪಕ್ಕದ ಸೀಟಿನ ಎದುರಿನ ಡ್ಯಾಶ್‌ಬೋರ್ಡ್, ಕೆಲವು ಗಾಡಿಗಳಲ್ಲಿ ಪಿಲ್ಲರ್ ಮತ್ತು ಸೀಟಿನ ಬದಿಗಳಲ್ಲೂ ಏರ್‌ಬ್ಯಾಗ್ ಇರುತ್ತದೆ. ಅಪಘಾತವಾದಾಗ ಸರಿಯಾದ ಜಾಗದಲ್ಲೇ ಹರಿಯಲಿ ಎಂದು ಆ ಕವರಿನ ಒಳಮೈಯಲ್ಲಿ ತೆಳ್ಳನೆಯ ಗೆರೆ ಕೊರೆದಿರುತ್ತಾರೆ. ಅಲ್ಲಿ ಶಾಖ, ಫಿಲ್ಲರ್, ಪೇಂಟ್, ವಾಟರ್ ಪೇಪರ್ ಯಾವುದೂ ಕೂಡದು. ಅಲ್ಲಿನ ಗೀರು ಇದ್ದ ಹಾಗೇ ಇರಲಿ.

ದಿನಾ ಬೆಳಿಗ್ಗೆ ಗಾಡಿ ಒಳಗೆ ಒಣ ಬಟ್ಟೆಯಿಂದ ಸ್ವಚ್ಛ ಮಾಡುತ್ತೇನೆ. ಆದರೂ ಗೇರ್ ಸುತ್ತಲಿನ ಹೊಳೆಯುವ ಕಪ್ಪು ಪ್ಯಾನೆಲ್ ತುಂಬ ಜೇಡರ ಬಲೆಯ ಹಾಗೆ ಗೆರೆಗಳು. ಗಾಡಿಗೆ ಎರಡು ವರ್ಷವೂ ಆಗಿಲ್ಲ.
*ಬ್ಯಾಂಕ್ ಉದ್ಯೋಗಿ, ಬೀದರ್*

ದಿನಾ ಒಣ ಬಟ್ಟೆಯಲ್ಲಿ ಒರೆಸಿದ್ದೇ ಈ ಗೆರೆಗಳಿಗೆ ಕಾರಣ. ಬೀದರ್ ನಿಂತಿರುವುದೇ ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ. ಆ ಧೂಳಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಸ್ಫಟಿಕದ ಸಣ್ಣ ಹರಳೂ ಇವೆ. ಗಡಸುತನದ ಮೋಸ್ ಅಳತೆಯಲ್ಲಿ ಸ್ಫಟಿಕ 7ಕ್ಕೆ ನಿಲ್ಲುತ್ತದೆ, ಗಾಜನ್ನೇ ಗೀರುತ್ತದೆ. ಪ್ಲಾಸ್ಟಿಕ್ ಅದರ ಮುಂದೆ ಏನೂ ಅಲ್ಲ. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿದಾಗ ಆ ಹರಳುಗಳು ಬಟ್ಟೆಗೂ ಪ್ಯಾನೆಲಿಗೂ ನಡುವೆ ಸಿಕ್ಕಿಕೊಂಡು ಉರುಳುತ್ತವೆ. ತರಿತರಿ ಪ್ಲಾಸ್ಟಿಕ್ ಮೇಲೆ ಇಂಥ ಸಣ್ಣ ಗೆರೆ ಅಡಗಿಕೊಳ್ಳುತ್ತದೆ, ಪಿಯಾನೊ ಬ್ಲ್ಯಾಕ್ ಎನ್ನುವ ಕನ್ನಡಿ ಹೊಳಪಿನ ಮೇಲೆ ಒಂದೊಂದೂ ಎದ್ದು ಕಾಣುತ್ತದೆ. ಅಷ್ಟು ಬೇಗ ಗೀರಾಗುವ ಫಿನಿಶ್ ಅನ್ನು ಕೈ ಅತಿ ಹೆಚ್ಚು ಆಡುವ ಗೇರ್ ಪಕ್ಕ ಕೂರಿಸುವುದು ಧೂಳಿನ ಊರಿಗೆ ಹೊಂದುವ ವಿನ್ಯಾಸವಲ್ಲ. ಆದರೆ ಈಗ ಬರುವ ಬಹುಪಾಲು ಗಾಡಿಗಳಲ್ಲಿ ಅದೇ ಇದೆ.

ಇದಕ್ಕೆ ಶಾಖ ನಡೆಯುವುದಿಲ್ಲ, ಪಾಲಿಶ್ ನಡೆಯುತ್ತದೆ. ಪ್ಯಾನೆಲ್ ಸುತ್ತ, ಬಟನ್‌ಗಳ ಸಂದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಸಂದಿಗೆ ಹೋದ ಪಾಲಿಶ್ ಬಿಳಿ ಹಿಟ್ಟಾಗಿ ಒಣಗಿ ಕೂತರೆ ತೆಗೆಯುವುದು ಬಲು ಕಷ್ಟ. ಹಿಂದೆ ಹೇಳಿದ ಶಾಂಪೂ ನೀರಲ್ಲಿ ಒತ್ತದೆ ಒರೆಸಿ ಒಣಗಿಸಿ. ‘ಫಿನಿಶಿಂಗ್ ಪಾಲಿಶ್’ ಎಂದು ಬರೆದಿರುವ ಅತಿ ನಯದ ಪಾಲಿಶ್ ಕೇಳಿ ತನ್ನಿ. ಬಾಡಿಗೆ ಬಳಸುವ ರಬ್ಬಿಂಗ್ ಕಾಂಪೌಂಡ್ ಕೊಟ್ಟರೆ ವಾಪಸ್ ಕೊಡಿ, ಅದು ಒರಟು. ಎರಡು–ಮೂರು ಇಂಚಿನ ಮೆತ್ತನೆಯ ಫೋಮ್ ಪ್ಯಾಡ್ ಮೇಲೆ ತೊಗರಿ ಕಾಳಿನಷ್ಟು ಪಾಲಿಶ್ ಹಾಕಿ, ಅಂಗೈಯಗಲ ಜಾಗದಲ್ಲಿ ಹಗುರವಾಗಿ ಅಡ್ಡ ಆರು ಸಲ, ಉದ್ದ ಆರು ಸಲ ಎಳೆಯಿರಿ. ಹೊಸ ಮೈಕ್ರೋಫೈಬರ್‌ನಿಂದ ಒರೆಸಿ, ಮೊಬೈಲ್ ಟಾರ್ಚ್ ಅಡ್ಡ ಹಿಡಿದು ನೋಡಿ, ಬೇಕಾದರೆ ಇನ್ನೊಂದು ಸುತ್ತು. ಮಷಿನ್ ಹಚ್ಚಬೇಡಿ. ಲೋಹದಂತೆ ಪ್ಲಾಸ್ಟಿಕ್ ಶಾಖವನ್ನು ಹರಡಿ ಬಿಡುವುದಿಲ್ಲ, ಒಂದೇ ಕಡೆ ಬಿಸಿ ಸೇರಿ ಮೇಲಿನ ತೆಳು ಪದರ ಸುಡುತ್ತದೆ. ಪಕ್ಕದಲ್ಲೇ ಇರುವ ಟಚ್‌ಸ್ಕ್ರೀನ್‌ಗೆ ಪಾಲಿಶ್ ತಾಗದಿರಲಿ, ಅದರ ಮೇಲಿನ ಕೋಟಿಂಗ್ ಕಿತ್ತುಬರುತ್ತದೆ.

ಗೆರೆ ಹೋದ ದಿನವೇ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂಬ ಪಾರದರ್ಶಕ ರಕ್ಷಣಾ ಫಿಲ್ಮ್ ಹಾಕಿಸಿ. ಆಮೇಲೆ ಹಾಕಿಸೋಣ ಎಂದರೆ ಅಷ್ಟರಲ್ಲಿ ಮತ್ತೆ ಗೆರೆ ಬಿದ್ದಿರುತ್ತವೆ. ಬಾಡಿಗೆ ಹಾಕುವ ಅದೇ ಫಿಲ್ಮ್, ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ದಪ್ಪ; ಗೇರ್ ಪ್ಯಾನೆಲಿಗೆ ಸಣ್ಣ ತುಂಡು ಸಾಕಾಗುತ್ತದೆ. ಒರೆಸುವ ಕ್ರಮವನ್ನೂ ಬದಲಿಸಿ. ಮೊದಲು ವ್ಯಾಕ್ಯೂಮ್, ಅಥವಾ ಒಂದಿಂಚಿನ ಹೊಸ ಪೇಂಟ್ ಬ್ರಷ್‌ನಿಂದ ಧೂಳು ಹಾರಿಸುವುದು. ಅದಾದ ಮೇಲೆ ನೀರಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್‌ನಿಂದ ಒಂದೇ ದಿಕ್ಕಿಗೆ ಒರೆಸಬೇಕು, ಪ್ರತಿ ಎಳೆತಕ್ಕೂ ಅರಿವೆಯ ಹೊಸ ಮಡಿಕೆ ತಿರುಗಿಸಿಕೊಳ್ಳಬೇಕು. ನೆಲಕ್ಕೆ ಬಿದ್ದ ಅರಿವೆಯನ್ನು ಒಗೆಯದೆ ಮತ್ತೆ ಮುಟ್ಟಿಸಬೇಡಿ.

ಮೀಟರ್ ಮೇಲಿನ ಗ್ಲಾಸ್ ಮಬ್ಬಾಗಿ ಮಧ್ಯಾಹ್ನ ಸ್ಪೀಡ್ ಸರಿಯಾಗಿ ಕಾಣುವುದಿಲ್ಲ. ನಮ್ಮದು ಕಲ್ಲಿನ ಪಾಲಿಶ್ ಯೂನಿಟ್, ಗಾಡಿ ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಸಿಮೆಂಟ್ ಲಾರಿಗಳ ಓಡಾಟ.
*ಶಹಾಬಾದ್*

ಅದು ಗಾಜಲ್ಲ, ಪಾರದರ್ಶಕ ಪ್ಲಾಸ್ಟಿಕ್ ಲೆನ್ಸ್: ಅಕ್ರಿಲಿಕ್ ಇಲ್ಲವೇ ಪಾಲಿಕಾರ್ಬೊನೇಟ್. ಫರ್ಸಿ ಕಲ್ಲಿನ ಪುಡಿ ಸುಣ್ಣಕಲ್ಲಿನದು, ಸ್ಫಟಿಕದಷ್ಟು ಗಡಸಲ್ಲದಿದ್ದರೂ ಈ ಪ್ಲಾಸ್ಟಿಕ್ ಮಬ್ಬಾಗಿಸಲು ಸಾಕು. ಸಿಮೆಂಟ್ ಧೂಳಿನ ವಿಷಯ ಬೇರೆ: ಅದರ ಮೇಲೆ ನೇರ ಒದ್ದೆ ಬಟ್ಟೆ ಹಾಕಿದರೆ ಕೆಸರಾಗಿ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ನಿಮ್ಮ ಗಾಡಿಗೆ ಮೊದಲು ವ್ಯಾಕ್ಯೂಮ್ ಬೇಕೇ ಬೇಕು.

ಗ್ಲಾಸ್ ಕ್ಲೀನರ್, ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್ ಇದರ ಹತ್ತಿರ ಸುಳಿಯಬಾರದು. ಆಲ್ಕೊಹಾಲ್ ತಾಗಿದ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಒಳಗೊಳಗೇ ಏಳುತ್ತವೆ, ಅವು ಪಾಲಿಶ್‌ಗೆ ಹೋಗುವುದಿಲ್ಲ. ಶಾಂಪೂ ನೀರಲ್ಲಿ ಸ್ವಚ್ಛ ಮಾಡಿ, ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಒಂದೆರಡು ನಿಮಿಷ ಹಗುರವಾಗಿ ಉಜ್ಜಿ. ಮಬ್ಬು ಬಹುಪಾಲು ಇಷ್ಟರಲ್ಲೇ ತಿಳಿಯಾಗುತ್ತದೆ. ಉಗುರಿಗೆ ಸಿಗುವ ಗೀರು ಉಳಿದರೆ ಮಾತ್ರ ವಾಟರ್ ಪೇಪರ್. 2000 ನಂಬರಿನದನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಒಂದು ಹನಿ ಶಾಂಪೂ ಹಾಕಿ ಅಡ್ಡಲಾಗಿ ಉಜ್ಜಿ. ಬಳಿಕ 3000 ನಂಬರಿನದರಲ್ಲಿ ಉದ್ದಕ್ಕೆ. ದಿಕ್ಕು ಬದಲಿಸುವುದು ಯಾಕೆಂದರೆ ಹಿಂದಿನ ಪೇಪರಿನ ಗೆರೆಗಳು ಪೂರ್ತಿ ಹೋದವೋ ಇಲ್ಲವೋ ಆಗ ಕಾಣುತ್ತದೆ. ಲೆನ್ಸ್ ಈಗ ಪೂರ್ತಿ ಮಂಜಾಗಿರುತ್ತದೆ, ಗಾಬರಿ ಬೇಡ. ಪಾಲಿಶ್ ಮಾಡಿದಂತೆ ತಿಳಿಯಾಗುತ್ತದೆ. ಬರೀ ಗೀರಿದ್ದ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ತಗ್ಗಾಗಿ ಅಂಕಿಗಳು ಸೊಟ್ಟಗೆ ಕಾಣುತ್ತವೆ, ಆದ್ದರಿಂದ ಲೆನ್ಸ್ ಪೂರ್ತಿ ಮಾಡಿ.

ಶುರು ಮಾಡುವ ಮುಂಚೆ ಲೆನ್ಸಿನ ಮೂಲೆ ನೋಡಿ. ಬೆಳಕು ಪ್ರತಿಫಲಿಸದ ಹಾಗೆ ಮಾಸಲು ಫಿನಿಶ್ ಇದ್ದರೆ, ಅಥವಾ ನಿಮ್ಮದು ಪೂರ್ತಿ ಡಿಜಿಟಲ್ ಮೀಟರ್ ಆಗಿದ್ದರೆ, ಇದ್ಯಾವುದೂ ಬೇಡ. ಹಾಗೆ ಕೋಟಿಂಗ್ ಇರುವುದಕ್ಕೆ ಹೊಸ ಲೆನ್ಸೇ ಪರಿಹಾರ.

ಬಿತ್ತನೆ ಟೈಮಿಗೆ ಬೀಜ, ಗೊಬ್ಬರದ ಚೀಲ, ಔಷಧ ಹೊಡಿಯೋ ಪಂಪು ಎಲ್ಲಾ ಡಿಕ್ಕಿಯಾಗೇ ತರ್ತೀವಿ. ಒಳಗಿನ ಪ್ಲಾಸ್ಟಿಕ್ ಕೆತ್ತಿ ಹೋಗ್ಯಾದ, ಒಂದು ಕಡಿ ಸೀಳ್ಯಾದ. ಪುಟ್ಟಿ ತುಂಬಿ ಪೇಂಟ್ ಹೊಡಸ್ಲೇನು?
*ರೈತರು, ಶಹಾಪುರ*

ಬೇಡ ಅಣ್ಣಾವ್ರೆ, ದುಡ್ಡು ಹಾಳು. ಪಾಲಿಪ್ರೊಪಿಲೀನ್‌ಗೆ ಪುಟ್ಟಿಯೂ ಪೇಂಟೂ ಫೆವಿಕ್ವಿಕ್ಕೂ ಸುಮ್ಮನೆ ಹಿಡಿಯುವುದಿಲ್ಲ. ಆ ಮೈ ಯಾವುದನ್ನೂ ಅಂಟಗೊಡುವುದಿಲ್ಲ, ಬಿಸಿಲಿಗೆ ಒಂದು ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಹಿಡಿಯಬೇಕೆಂದರೆ ಮೊದಲು ಪಿಪಿ ಪ್ರೈಮರ್, ಆಮೇಲೆ ಬಾಗುವ ಗುಣದ ಪ್ಲಾಸ್ಟಿಕ್ ಫಿಲ್ಲರ್, ಅದರ ಮೇಲೆ ತರಿ ಮೂಡಿಸುವ ಪೇಂಟ್. ಇಷ್ಟಾದರೂ ಮೂಲದ ತರಿ ಕೂಡುವುದು ಅಪರೂಪ. ಸೀಳಿದ ಜಾಗಕ್ಕೆ ಬಂಪರ್ ರಿಪೇರಿ ಮಾಡುವವರು ಪಿಪಿ ಕಡ್ಡಿ ಕರಗಿಸಿ ಹಿಂಬದಿಯಿಂದ ವೆಲ್ಡಿಂಗ್ ಮಾಡಿಕೊಡುತ್ತಾರೆ. ಅದು ಗಟ್ಟಿ ನಿಲ್ಲುತ್ತದೆ, ಅಷ್ಟು ಮಾಡಿಸಿ ಸಾಕು. ಚೆಂದ ಬೇಕೆಂದರೆ ಪ್ಯಾನೆಲಿನ ಪಾರ್ಟ್ ನಂಬರ್ ಕೊಟ್ಟು ಹೊಸದರ ದರ ಕೇಳಿ, ಗುಜರಿಯಲ್ಲಿ ಅದೇ ಮಾಡೆಲ್‌ನದೂ ವಿಚಾರಿಸಿ. ಜೊತೆಗೆ ಹತ್ತು ಕ್ಲಿಪ್ ಹೆಚ್ಚಿಗೆ ತನ್ನಿ. ಬಿಚ್ಚುವಾಗ ನಾಲ್ಕೈದು ಮುರಿಯುವುದು ಇದ್ದದ್ದೇ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಹೊಸ ಪ್ಯಾನೆಲಿಗೆ ಮೊದಲ ಗೀರು ಅದರಿಂದಲೇ ಬೀಳುತ್ತದೆ. ಪ್ಯಾನೆಲ್ ಎಬ್ಬಲೆಂದೇ ಇರುವ ಪ್ಲಾಸ್ಟಿಕ್ ಟೂಲ್, ಕಾರ್ ಅಕ್ಸೆಸರೀಸ್ ಅಂಗಡಿಯಲ್ಲಿ ಸಿಗುತ್ತದೆ.

ಹೊಸದು ಹಾಕಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಮುಖ್ಯ. ಚೀಲದ ಒಳಗಿನ ಮಾಲಿಗಿಂತ ಗೋಣಿಗೆ ಮೆತ್ತಿದ ಮಣ್ಣು, ಹಮಾಲರ ಕೈಯ ಕಬ್ಬಿಣದ ಹುಕ್ಕು, ಪಂಪಿನ ಕೆಳಗಿನ ಕಬ್ಬಿಣದ ಪಟ್ಟಿ ಇವೇ ಪ್ಲಾಸ್ಟಿಕ್ ಕೆತ್ತುವುದು. ತಳಕ್ಕೆ ಅಂಚು ಎದ್ದ ರಬ್ಬರ್ ಟ್ರೇ ಮ್ಯಾಟ್ ಹಾಕಿ. ಎರಡೂ ಪಕ್ಕಕ್ಕೆ ಹಳೆಯ ಕೌದಿ ಇಳಿಬಿಡಿ, ಬಾಗಿಲಿನ ಹೊಸ್ತಿಲ ಮೇಲೂ ಒಂದು ಮಡಿಕೆ ಬರಲಿ. ಚೀಲ ಎಳೆಯುವಾಗ ಹೆಚ್ಚು ಏಟು ಬೀಳುವುದು ಆ ಹೊಸ್ತಿಲಿಗೆ. ಪ್ರತಿ ಸಲ ಕೌದಿ ಕೊಡವಿ, ಇಲ್ಲದಿದ್ದರೆ ಅದರೊಳಗಿನ ಮರಳೇ ಉಜ್ಜುತ್ತದೆ. ಚೀಲವನ್ನು ಎಳೆಯದೆ ಎತ್ತಿಡಿ.

ಔಷಧದ ಡಬ್ಬಿ ಮಾತ್ರ ಗಾಡಿಯೊಳಗೆ ಜನರ ಜೊತೆ ತರಬೇಡಿ. ಹೆಸರಿನ ಮುಂದೆ ‘ಇಸಿ’ ಎಂದಿರುವ ಕೀಟನಾಶಕಗಳಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿಸುವ ದ್ರಾವಕ ಇರುತ್ತದೆ, ಸೋರಿದ ಕಡೆ ಕಲೆ ಶಾಶ್ವತ. ಅದಕ್ಕಿಂತ ಹೆಚ್ಚಾಗಿ, ಕಿಟಕಿ ಮುಚ್ಚಿದ ಗಾಡಿಯಲ್ಲಿ ಅದರ ಹಬೆ ಉಸಿರಿಗೆ ಹೋಗುತ್ತದೆ. ಮಕ್ಕಳು ಕೂತಿದ್ದರೆ ಇನ್ನೂ ಅಪಾಯ.

ನಾನು ಕಲಬುರಗಿ ಸ್ಟೇಷನ್ನಿನಿಂದ ಬಾಡಿಗೆ ಗಾಡಿ ಓಡಿಸುತ್ತೇನೆ. ಪ್ರಯಾಣಿಕರು ಹತ್ತಿ ಇಳಿಯುವಾಗ ಬೂಟು, ಸೂಟ್‌ಕೇಸ್ ತಾಗಿ ಒಳಗೆಲ್ಲ ಗೀರು. ತಡೆಯುವುದು ಹೇಗೆ?

ಎಲ್ಲ ಕಡೆ ತಡೆಯಲಾಗದು, ಏಟು ಬೀಳುವ ಜಾಗ ಗುರುತಿಸಿ ಕಾಯಬೇಕು. ಅಂಥ ಜಾಗಗಳು ಐದು: ಬಾಗಿಲ ಹೊಸ್ತಿಲು, ಹಿಂದಿನ ಡೋರ್ ಪ್ಯಾಡಿನ ಕೆಳಭಾಗ, ಮುಂದಿನ ಸೀಟಿನ ಬೆನ್ನಿನ ಪ್ಲಾಸ್ಟಿಕ್, ಸೀಟ್‌ಬೆಲ್ಟಿನ ಲೋಹದ ನಾಲಗೆ ಬಡಿಯುವ ನಡುವಿನ ಪಿಲ್ಲರ್, ಡಿಕ್ಕಿಯ ಹೊಸ್ತಿಲು. ಹೊಸ್ತಿಲಿಗೆ ಸ್ಕಫ್ ಪ್ಲೇಟ್ (ಅದರ ಮೇಲೆ ಕೂರಿಸುವ ರಕ್ಷಣೆಯ ಪಟ್ಟಿ), ಉಳಿದವಕ್ಕೆ ಮಾಸಲು ಪಿಪಿಎಫ್. ತರಿ ಜಾಸ್ತಿ ಇರುವ ಪ್ಲಾಸ್ಟಿಕ್ ಮೇಲೆ ಫಿಲ್ಮ್ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಸೀಟಿನ ಬೆನ್ನಿಗೆ ಹಾಕುವ ಕಿಕ್ ಮ್ಯಾಟ್ ಬಳಸಿ. ಗಾಡಿಯ ಕೀಲಿಗೆ ಮನೆಯ ಕೀಲಿ ಗೊಂಚಲು, ದೇವರ ಲೋಹದ ಪದಕ ಪೋಣಿಸಿದ್ದರೆ ಬಿಚ್ಚಿಡಿ. ಸ್ಟೀರಿಂಗ್ ಕೆಳಗಿನ ಕವರಿನ ಮೇಲೆ ಕಾಣುವ ಅರ್ಧಚಂದ್ರ ಗೀರು ಆ ಗೊಂಚಲು ತೂಗಾಡಿ ಆದದ್ದು.

ಬಿಸಿಲಿನ ಬಗ್ಗೆಯೂ ಎಚ್ಚರ ಇರಲಿ. ಹೊರಗೆ 42–43 ಡಿಗ್ರಿ ಇದ್ದಾಗ ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುತ್ತದೆ. ಕಾದ ಪ್ಲಾಸ್ಟಿಕ್ ಮೆತ್ತಗಿರುತ್ತದೆ, ಬೆಳಿಗ್ಗೆ ಗೀರಾಗದ ಒತ್ತಡಕ್ಕೆ ಮಧ್ಯಾಹ್ನ ಗೀರಾಗುತ್ತದೆ. ಒರೆಸುವ ಕೆಲಸ ಬೆಳಿಗ್ಗೆಯೇ ಮುಗಿಸಿ. ಮುಂಗಾಜಿಗೆ ಸನ್‌ಶೇಡ್ ಇಡಿ. ಡ್ಯಾಶ್‌ಬೋರ್ಡಿಗೆ ಹಚ್ಚುವುದಿದ್ದರೆ ನೀರು ಆಧಾರಿತ, ಯುವಿ ತಡೆಯುವ, ಹೊಳಪಿಲ್ಲದ ಡ್ರೆಸ್ಸಿಂಗ್ ತಿಂಗಳಿಗೊಮ್ಮೆ ಸಾಕು. ಸಿಲಿಕಾನ್ ಎಣ್ಣೆಯ ಫಳಫಳ ಸ್ಪ್ರೇ ಧೂಳು ಹಿಡಿಯುತ್ತದೆ, ಮುಂಗಾಜಿನಲ್ಲಿ ಪ್ರತಿಬಿಂಬ ಬಿದ್ದು ರಸ್ತೆ ನೋಡಲು ಅಡ್ಡಿಯಾಗುತ್ತದೆ.

ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದಂತೆ, ನಿಜವೇ? *(ಹುಮನಾಬಾದ್)*

ತರಿತರಿ ಪ್ಲಾಸ್ಟಿಕ್ ಮೇಲೆ ಹಚ್ಚಿದರೆ ಸಂದಿಗಳಲ್ಲಿ ಬಿಳಿ ಪುಡಿ ತುಂಬಿ ಮತ್ತಷ್ಟು ಬೆಳ್ಳಗಾಗುತ್ತದೆ. ಹೊಳೆಯುವ ಪ್ಯಾನೆಲ್ ಮೇಲೆ ಸ್ವಲ್ಪ ಕೆಲಸ ಮಾಡಬಹುದು, ಆದರೆ ಪುಡಿಯ ಒರಟುತನ ಒಂದೊಂದು ಪೇಸ್ಟಿಗೆ ಒಂದೊಂದು ಥರ. ಸಣ್ಣ ಪ್ಲಾಸ್ಟಿಕ್ ಪಾಲಿಶ್ ಟ್ಯೂಬೇ ಒಳ್ಳೆಯದು.

ಹಳೆಯ ಗಾಡಿಯ ಡೋರ್ ಹ್ಯಾಂಡಲ್, ಬಟನ್‌ಗಳು ಅಂಟಂಟಾಗಿ, ಉಗುರು ತಾಗಿದರೂ ಕಪ್ಪು ಕಿತ್ತುಬರುತ್ತಿದೆ. *(ಸುರಪುರ)*

ಅದು ಗೀರಲ್ಲ. ಮೆತ್ತಗೆ ಸೋಕಲಿ ಎಂದು ಹಚ್ಚಿದ ಪಾಲಿಯುರೆಥೇನ್ ಲೇಪ, ಶಾಖ ಮತ್ತು ತೇವಕ್ಕೆ ವರ್ಷಗಳು ಕಳೆದಂತೆ ಕರಗಿ ಅಂಟಾಗಿದೆ. ಮತ್ತೆ ಮೊದಲಿನಂತಾಗದು, ಪೂರ್ತಿ ತೆಗೆಯಬೇಕು. ಬಿಡಿಭಾಗ ಬಿಚ್ಚಿಕೊಂಡು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೋಯಿಸಿದ ಅರಿವೆಯನ್ನು ಎರಡು ನಿಮಿಷ ಸುತ್ತಿಟ್ಟು ಉಜ್ಜಿದರೆ ಅಂಟು ಉರುಳೆ ಉರುಳೆಯಾಗಿ ಬರುತ್ತದೆ. ಬಟನ್ ಮೇಲೆ ಅಚ್ಚಾದ ಚಿತ್ರಗಳೂ ಜೊತೆಗೇ ಹೋಗಬಹುದು, ಹಾಗಾಗಿ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಥಿನ್ನರ್ ಹಾಕಿದರೆ ಅಡಿಯ ಎಬಿಎಸ್ ಪ್ಲಾಸ್ಟಿಕ್ಕೇ ಕರಗುತ್ತದೆ.

ಹೊಸ ಗಾಡಿ. ಗೀರಾಗದಿರಲೆಂದು ಶೋರೂಮಿನ ಪ್ಲಾಸ್ಟಿಕ್ ಕವರ್ ಹಾಗೇ ಬಿಟ್ಟಿದ್ದೇವೆ. ಡ್ಯಾಶ್‌ಬೋರ್ಡ್ ಮೇಲೆ ಗಣಪತಿಯನ್ನೂ ಕೂರಿಸಬೇಕು. *(ಸೇಡಂ)*

ಕವರ್ ಇವತ್ತೇ ತೆಗೆಯಿರಿ. ಅದು ಸಾಗಣೆಯಲ್ಲಿ ಗೀರಾಗದಿರಲೆಂದು ಹಾಕಿದ್ದು. ನಮ್ಮ ಬಿಸಿಲಿಗೆ ಅದರ ಗೋಂದು ಪ್ಯಾನೆಲಿಗೆ ಬೆಂದು ಹಿಡಿದುಕೊಳ್ಳುತ್ತದೆ, ಕವರಿನ ಅಂಚಿನಲ್ಲಿ ಸೇರಿದ ಧೂಳು ಗೆರೆ ಕೊರೆಯುತ್ತದೆ. ಗಣಪತಿಯನ್ನು ಡಬಲ್ ಟೇಪಿನಿಂದ ನೇರ ಅಂಟಿಸದೆ ಜಾರದ ಸಿಲಿಕಾನ್ ಪ್ಯಾಡ್ ಮೇಲೆ ಕೂರಿಸಿ. ಜಾಗ ನಡುಭಾಗದಲ್ಲಿರಲಿ, ಏರ್‌ಬ್ಯಾಗ್ ಕವರಿನ ಮೇಲೆ ಬೇಡ. ಏರ್‌ಬ್ಯಾಗ್ ತೆರೆದರೆ ಮೂರ್ತಿ ನೇರ ಮುಖಕ್ಕೆ ಬಡಿಯುತ್ತದೆ. ಕುಂಕುಮ, ಅರಿಶಿನವನ್ನು ಪ್ಲಾಸ್ಟಿಕ್‌ಗೆ ಹಚ್ಚುವ ಬದಲು ಮೂರ್ತಿಗೆ ಹಚ್ಚಿ. ಹಳೆಯ ಟೇಪಿನ ಅಂಟು ಉಳಿದಿದ್ದರೆ ಬ್ಲೇಡಿನಿಂದ ಕೆರೆಯದೆ, ಹೇರ್ ಡ್ರೈಯರಿನಿಂದ ಅರ್ಧ ನಿಮಿಷ ಬೆಚ್ಚಗೆ ಮಾಡಿ ಹೆಬ್ಬೆರಳಿನಿಂದ ಉರುಳಿಸಿ ತೆಗೆಯಿರಿ.